ವಾಚಿನ ಬೆನ್ನ ಮೇಲಿನ ಬರಹ

ಹಾಲಿವುಡ್ ನಟ ಪಾಲ್ ನ್ಯೂಮನ್‌ಗೆ ಕಾರ್ ರೇಸಿನ ಹುಚ್ಚು. ಅವರು ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚ್ ಇರುವ ವಾಚು, 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 1.77 ಕೋಟಿ ಡಾಲರಿಗೆ ಹೋಯಿತು. ಅದರ ಬೆನ್ನ ಮೇಲೆ ಹೆಂಡತಿ ಕೆತ್ತಿಸಿದ್ದು: ಹುಷಾರಾಗಿ ಗಾಡಿ ಓಡಿಸು.

ನಮ್ಮ ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಬೀರುಗಳಲ್ಲಿ ಈಗಲೂ ಎಚ್‌ಎಂಟಿ ಜನತಾ ವಾಚು ಸಿಗುತ್ತೆ. ಬೆಂಗಳೂರಿನ ಎಚ್‌ಎಂಟಿ ವಾಚು ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಜೊತೆಗೂಡಿ ಶುರುವಾದದ್ದು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದ್ದು ನೆಹರೂ. ಜನತಾಗೆ ಸ್ಟಾಪ್‌ವಾಚ್ ಇಲ್ಲ, ದಿನಾ ಕೀ ಕೊಡಬೇಕು. ಕೆಲವುಗಳ ಹಿಂದೆ ಮೇಷ್ಟ್ರ ಹೆಸರು, ನಿವೃತ್ತಿ ತಾರೀಖು ಕೆತ್ತಿರುತ್ತೆ. ಕೊಳ್ಳೋಕೆ ಬಂದವನು ಅದನ್ನ ಬೆರಳಲ್ಲಿ ಉಜ್ಜಿ, ‘ಗೀರಿದೆ, ರೇಟು ಕಮ್ಮಿ’ ಅಂತಾನೆ.

ನ್ಯೂಮನ್ ವಾಚಿನದೂ ಗೀರೇ ತಾನೆ?

ಅಂಥ ಜನತಾ ಮನೇಲಿದ್ದರೆ ಮಾರಬೇಡಿ. ಕೀ ಕೊಟ್ಟು ಕಟ್ಕೊಳ್ಳಿ.