ನಮ್ಮ ತಿದ್ದುಪಡಿಗೊಬ್ಬ ಪರೀಕ್ಷಕ

ಮೂವತ್ತನಾಲ್ಕು ವರ್ಷಗಳ ಕಾಲ ಪರರ ಮಕ್ಕಳ ಬರವಣಿಗೆಯನ್ನು ಕೆಂಪು ಶಾಯಿಯಿಂದ ತಿದ್ದಿದವರಿಗೆ, ತಮ್ಮ ಬರವಣಿಗೆಯನ್ನು ತಿದ್ದುವವರೂ ಒಬ್ಬರು ಬೇಕೆಂಬ ಯೋಚನೆಯು ಸುಲಭವಾಗಿ ಹುಟ್ಟುವುದಿಲ್ಲ. ನಮಗೆ ಅದು ಹುಟ್ಟಿದ ಬಗೆಯನ್ನು ವಾಚಕರ ಮುಂದೆ ಸಂಕೋಚದಿಂದಲೇ ಇಡುತ್ತಿದ್ದೇವೆ.

ಉಪಾಧ್ಯಾಯ ವೃತ್ತಿಯಿಂದ ಬಿಡುವು ದೊರೆತ ಮೇಲೆ ನಾವು ಮಗಳಿಂದ ಪೈಥಾನ್ ಎಂಬ ಗಣಕಭಾಷೆಯನ್ನು ಕೊಂಚ ಕಲಿತು, ಎರಡು ಪದಗಳನ್ನು ಕೊಟ್ಟರೆ ಸಂಧಿ ಮಾಡಿ ತೋರಿಸುವ ಚಿಕ್ಕದೊಂದು ಕ್ರಮವಿಧಿಯನ್ನು ರಚಿಸಿದೆವು. ನೆರೆಹೊರೆಯ ಮಕ್ಕಳು ಅದನ್ನು ನೋಡಿ ಅಭ್ಯಾಸ ಮಾಡುತ್ತಿದ್ದರು. ಅದರ ಮೂಲಪಾಠವು ಗಿಟ್ ಭಂಡಾರವೊಂದರಲ್ಲಿದೆ. 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬವರು ನಿರ್ಮಿಸಿದ ಈ ಸಾಧನವು, ನಾವು ದಾಖಲಿಸಿದ ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತವಾಗಿ ನೆನಪಿನಲ್ಲಿಡುತ್ತದೆ. ಆದರೆ ಅದು ಲಿಪಿಕಾರನಿದ್ದಂತೆ. ತಪ್ಪನ್ನೂ ಒಪ್ಪನ್ನೂ ಒಂದೇ ಶ್ರದ್ಧೆಯಿಂದ ಬರೆದಿಡುತ್ತದೆ.

ಮಾಘಮಾಸದ ಒಂದು ರಾತ್ರಿ ಕ್ರಮವಿಧಿಯನ್ನು ಚೊಕ್ಕಟಗೊಳಿಸುವ ಉತ್ಸಾಹದಲ್ಲಿ ಎರಡು ನಿಯಮಗಳನ್ನು ಹಿಂದುಮುಂದಾಗಿ ಇಟ್ಟೆವು. ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ 77ನೆಯ ಸೂತ್ರವು ಯಣ್‌ಸಂಧಿಯನ್ನು ವಿಧಿಸುತ್ತದೆ. ಸವರ್ಣಸ್ವರವು ಪರವಾದಲ್ಲಿ 101ನೆಯದು ಅದನ್ನು ಬಾಧಿಸಿ ದೀರ್ಘವನ್ನು ವಿಧಿಸುತ್ತದೆ. ನಮ್ಮ ಕ್ರಮವಿಧಿಯಾದರೋ ಮೊದಲು ಕಂಡ ನಿಯಮವನ್ನೇ ಹಿಡಿಯುವುದು. ಅಪವಾದವಿರಬೇಕಾದ ಎಡೆಯಲ್ಲಿ ಉತ್ಸರ್ಗವನ್ನಿಟ್ಟುದರಿಂದ ‘ಕವಿ’, ‘ಇಂದ್ರ’ ಎರಡೂ ಸೇರಿ ‘ಕವೀಂದ್ರ’ವಾಗುವ ಬದಲು ‘ಕವ್ಯಿಂದ್ರ’ವಾಯಿತು. ನಾವು ‘ಅತ್ಯಂತ’ವೊಂದನ್ನೇ ನೋಡಿ, ಸರಿಯಾಗಿದೆಯೆಂದು ಮಲಗಿದೆವು.

ಹತ್ತು ದಿನಗಳ ತರುವಾಯ ಗೃಹಸ್ಥರೊಬ್ಬರು ಬಂದು, “ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಮಗು ತಮ್ಮ ಪಾಠವನ್ನೇ ನಂಬಿ ಪರೀಕ್ಷೆಯಲ್ಲಿ ಹೀಗೆ ಬರೆದಳು” ಎಂದು ಉತ್ತರಪತ್ರಿಕೆಯನ್ನು ಮುಂದಿಟ್ಟರು. ಮೂರು ಪದಗಳ ಮೇಲೆ ಕೆಂಪು ಗೆರೆಯಿತ್ತು. ಆ ಗೆರೆಗೆ ಪಾತ್ರರು ನಾವು. ಅಂಕವನ್ನು ಕಳೆದುಕೊಂಡವಳು ಆ ಹುಡುಗಿ.

ಊರಿಗೆ ಬಂದ ಮಗಳು ಇದನ್ನು ಕೇಳಿ, “ಅಪ್ಪಾ, ನೀವು ತಿದ್ದಿದ ಮೇಲೆ ಉದಾಹರಣೆಗಳನ್ನೆಲ್ಲ ನೋಡುವವರು ಯಾರು?” ಎಂದಳು. “ನಾವೇ” ಎಂದೆವು. “ನಿಮಗೆ ನಿದ್ದೆ ಬಂದ ದಿನ?” ಎಂದಳು. ಅದಕ್ಕೆ ಉತ್ತರವಿರಲಿಲ್ಲ. ಯಂತ್ರವು ನಮ್ಮ ಸಂಧಿಯನ್ನು ತಿದ್ದುವುದೇ ಎಂದು ಒಳಗೊಳಗೆ ಕಸಿವಿಸಿಯಾಯಿತು. ಆದರೆ ವೇದವನ್ನು ಕಂಠಸ್ಥವಾಗಿ ಕಾಪಾಡಿದವರೂ ಪದ, ಕ್ರಮ, ಜಟೆ, ಘನ ಎಂದು ಒಂದೇ ಮಂತ್ರವನ್ನು ಹಲವು ವಿಧವಾಗಿ ಪಠಿಸಿ ತಮ್ಮ ನೆನಪನ್ನು ತಾವೇ ಪರೀಕ್ಷಿಸಿಕೊಂಡರಲ್ಲವೆ?

ಮಗಳು ಮನೆಯ ಹಳೆಯ ಗಣಕದಲ್ಲಿ ಜೆಂಕಿನ್ಸ್ ಎಂಬ ಪರೀಕ್ಷಕನನ್ನು ನೆಲೆಗೊಳಿಸಿದಳು. ಕೊಹ್ಸುಕೆ ಕವಾಗುಚಿ ಎಂಬವರು ಇದನ್ನು ಮೊದಲು ಹಡ್ಸನ್ ಎಂಬ ಹೆಸರಿನಿಂದ ರಚಿಸಿದರು. 2011ರಲ್ಲಿ ಈಗಿನ ಹೆಸರು ಬಂದಿತು. ಭಂಡಾರಕ್ಕೆ ಬಂದ ತಿದ್ದುಪಡಿಯನ್ನು ತೆಗೆದುಕೊಂಡು, ಪರೀಕ್ಷೆಗಳನ್ನೆಲ್ಲ ನಡೆಯಿಸಿ, ಫಲವನ್ನು ತಿಳಿಸುವುದು ಇದರ ಕಾರ್ಯ.

ಭಂಡಾರಕ್ಕೂ ಪರೀಕ್ಷಕನಿಗೂ ಸಂಬಂಧ ಕಲ್ಪಿಸಲು ಮೂರು ಸಂಗತಿಗಳು ಬೇಕಾದುವು. ಮೊದಲನೆಯದು ಪ್ರವೇಶಾಧಿಕಾರ. ಜೋಡಿ ಕೀಲಿಗಳಲ್ಲಿ ಗುಪ್ತವಾದುದು ಪರೀಕ್ಷಕನಲ್ಲಿರುವುದು, ಬಹಿರಂಗವಾದುದು ಭಂಡಾರದಲ್ಲಿ. ಕೊಟ್ಟುದು ಓದುವ ಅಧಿಕಾರ ಮಾತ್ರ. ಪರೀಕ್ಷಕನು ತಾನೇ ಉತ್ತರ ಬರೆಯಬಾರದಷ್ಟೆ. ಎರಡನೆಯದು, ಹೊಸತು ಬಂದಿದೆಯೆಂಬ ಸುದ್ದಿ. ಭಂಡಾರವೇ ಸುದ್ದಿ ಕಳುಹಿಸುವ ಏರ್ಪಾಟಿಗೆ ವೆಬ್‌ಹುಕ್ ಎಂದು ಹೆಸರು. ನಾವು ಮನೆಯ ಗಣಕದ, 192.168 ಎಂದು ಮೊದಲಾಗುವ ವಿಳಾಸವನ್ನು ಬರೆದುಕೊಟ್ಟು ಮಧ್ಯಾಹ್ನವೆಲ್ಲ ಕಾದೆವು, ಸುದ್ದಿ ಬರಲಿಲ್ಲ. ಅದು ಮನೆಯೊಳಗೆ ಮಾತ್ರ ಸಲ್ಲುವ ವಿಳಾಸ. ಲಕೋಟೆಯ ಮೇಲೆ ‘ಅಡಿಗೆಮನೆಯ ಪಕ್ಕದ ಕೋಣೆ’ ಎಂದಷ್ಟೇ ಬರೆದಂತಾಗಿತ್ತು. ಆದುದರಿಂದ ಪರೀಕ್ಷಕನೇ ಐದೈದು ನಿಮಿಷಕ್ಕೊಮ್ಮೆ ಭಂಡಾರವನ್ನು ವಿಚಾರಿಸುವಂತೆ ಮಾಡಿದೆವು. ಮೂರನೆಯದು, ಮಾಡಬೇಕಾದುದನ್ನು ಕ್ರಮವಾಗಿ ಹೇಳುವ ಜೆಂಕಿನ್ಸ್‌ಫೈಲ್ ಎಂಬ ಓಲೆ. ಇದು ಭಂಡಾರದಲ್ಲಿಯೇ ಇರುತ್ತದೆ. ಎಲ್ಲ ಪದಗಳೂ ತೇರ್ಗಡೆಯಾದಲ್ಲಿ ಮಾತ್ರ ಪಾಠವು ಮಕ್ಕಳ ಕೈಗೆ ಹೋಗಬೇಕೆಂದು ಅದರಲ್ಲಿ ಬರೆದೆವು.

ನೂರಿಪ್ಪತ್ತು ಪದಗಳ ಪಟ್ಟಿಯನ್ನು ನಾವೇ ಸಿದ್ಧಪಡಿಸಿದೆವು. ಹಿಂದಿನ ತಪ್ಪನ್ನು ತಿದ್ದಿಯಾಗಿದ್ದಿತು. ಜಯ ಖಂಡಿತವೆಂದು ನಂಬಿದ್ದೆವು. ಮೊದಲನೆಯ ಪರೀಕ್ಷೆಯಲ್ಲಿಯೇ ಕೆಂಪು ಗುರುತು ಬಂದಿತು. ‘ಪಿತೃ’, ‘ಋಣ’ ಸೇರಿ ‘ಪಿತೄಣ’ವಾಗಬೇಕಾದುದು ಆಗಿರಲಿಲ್ಲ. ಸವರ್ಣದೀರ್ಘದ ನಿಯಮದಲ್ಲಿ ಋಕಾರವನ್ನು ಸೇರಿಸುವುದನ್ನೇ ಮೊದಲಿನಿಂದ ಮರೆತಿದ್ದೆವು. ಎಷ್ಟೋ ವರ್ಷ ತರಗತಿಯಲ್ಲಿ ಅದನ್ನೇ ಉದಾಹರಿಸಿದವರು ನಾವು! ಮಗಳು ನಗಲಿಲ್ಲ, ಅದೇ ಹೆಚ್ಚು ನಾಚಿಸಿತು.

ಇಷ್ಟರಿಂದ ಯಂತ್ರವು ಪಂಡಿತನಾಯಿತೆಂದು ವಾಚಕರು ತಿಳಿಯಬಾರದು. ನಾವು ಪಟ್ಟಿಯಲ್ಲಿ ಬರೆದುದನ್ನಷ್ಟೇ ಅದು ಬಲ್ಲುದು. ಪಟ್ಟಿಯಲ್ಲಿಯೇ ತಪ್ಪಿದ್ದರೆ ಅದೂ ತಪ್ಪುವುದು. ಆದರೆ ಅದಕ್ಕೆ ನಿದ್ದೆಯಿಲ್ಲ, ಮೇಷ್ಟರೆಂಬ ದಾಕ್ಷಿಣ್ಯವೂ ಇಲ್ಲ.

ಮರುದಿನ ಆ ಹುಡುಗಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು. ಅವಳು ಕಳೆದುಕೊಂಡ ಮೂರು ಪದಗಳು ಈಗ ಪಟ್ಟಿಯ ಮೊದಲಿನಲ್ಲಿವೆ. ಪ್ರತಿ ಭಾನುವಾರ ಅವಳು ಹೊಸದೊಂದು ಕಠಿಣ ಪದವನ್ನು ತರುತ್ತಾಳೆ. ಅದನ್ನು ಸೇರಿಸಿ, ಹಸುರು ಗುರುತು ಬರುವವರೆಗೆ ಇಬ್ಬರೂ ಕಾಯುತ್ತೇವೆ.