ಎರಡನೆಯ ಕರೆಂಟು

2020ರ ಅಕ್ಟೋಬರ್ 12, ಸೋಮವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಮುಂಬಯಿ, ಥಾಣೆ, ನವಿ ಮುಂಬಯಿಗಳಲ್ಲಿ ಕರೆಂಟು ಹೋಯಿತು. ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಪಡಘಾದಿಂದ ಕಳವಾಕ್ಕೆ ಬರುವ 400 ಕೆವಿ ಲೈನುಗಳ ಹೆಸರು ಅಂದು ಎಲ್ಲರ ಬಾಯಲ್ಲೂ ಕೇಳಿಬಂತು. ಡೊಂಬಿವಲಿಯ ಒಂದು ಕಟ್ಟಡದಲ್ಲಿ ಮೇಲಿನ ಮಹಡಿಯ ಹುಡುಗ ಕೆಳಗಿಳಿದು, ಕಂಟ್ರೋಲ್ ರೂಮಿನಲ್ಲಿ ದುಡಿದು ನಿವೃತ್ತರಾದ ಧಾರವಾಡದ ಹಿರಿಯರನ್ನು ಕೇಳಿದ: “ಕಾಕಾ, ಮುಂಬಯಿಗೆ ಕರೆಂಟ್ ಯಾವಾಗ ಬರತದ್ರೀ?”

“ಎಲ್ಲೆ ಬ್ಯಾಟರಿ ಛಲೋ ಅದ, ಅಲ್ಲೆ ಲಗೂ ಬರತದ.”

ಹುಡುಗ ನಕ್ಕ. ಕಾಕಾ ನಗಲಿಲ್ಲ.

“ಕರೆಂಟ್ ಹೋಯ್ತು” ಎನ್ನುವಾಗ ಕರೆಂಟು ಏಕವಚನ. ವಿದ್ಯುತ್ ಸ್ಥಾವರದೊಳಗೆ ಅದು ಎರಡು. (ಕನ್ನಡದಲ್ಲಿ ದ್ವಿವಚನ ಇದ್ದಿದ್ದರೆ ಇಲ್ಲಾದರೂ ಉಪಯೋಗಕ್ಕೆ ಬರುತ್ತಿತ್ತು.) ಒಂದು ಊರಿಗೆ ಕಳಿಸುವ ಎಸಿ. ಇನ್ನೊಂದು ಸ್ಥಾವರ ತನಗೆಂದೇ ಇಟ್ಟುಕೊಳ್ಳುವ ಡಿಸಿ: ಸಾಮಾನ್ಯವಾಗಿ 220 ವೋಲ್ಟ್, ಎರಡೆರಡು ವೋಲ್ಟಿನ ನೂರಾಹತ್ತರಷ್ಟು ಲೆಡ್ ಆಸಿಡ್ ಸೆಲ್ಲುಗಳ ಸಾಲು. ರಿಲೇಗಳು, ಬ್ರೇಕರಿನ ಟ್ರಿಪ್ ಕಾಯಿಲ್, ಪ್ಯಾನೆಲ್ಲಿನ ಕೆಂಪು ಹಸಿರು ದೀಪ, ಟರ್ಬೈನಿನ ತುರ್ತು ಎಣ್ಣೆ ಪಂಪು ಎಲ್ಲವೂ ಇದನ್ನೇ ನಂಬಿವೆ. ಶಾರ್ಟ್ ಸರ್ಕ್ಯೂಟ್ ಆದ ಗಳಿಗೆಯಲ್ಲೇ ಎಸಿ ಕುಸಿಯುತ್ತದೆ. ಹಾಗಾಗಿ “ಬಿಡಿಸು” ಎಂಬ ಆಜ್ಞೆ ಬೇರೆ ಕಡೆಯಿಂದ ಬರಬೇಕು. ಡಿಸಿ ಇಲ್ಲವೆಂದರೆ ಬ್ರೇಕರ್ ಕದಲುವುದಿಲ್ಲ, ಉರಿಯುವುದು ಉರಿಯುತ್ತಲೇ ಇರುತ್ತದೆ. ಕತ್ತಲಾದ ಸ್ಥಾವರವನ್ನು ಮತ್ತೆ ಎಬ್ಬಿಸುವುದೂ ಇದೇ ಬ್ಯಾಟರಿ. ಕಾಕಾ ಹೇಳಿದ್ದು ಅದನ್ನು.

2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಸುನಾಮಿ ನೀರು ಡಿಸಿಯನ್ನೂ ಮುಳುಗಿಸಿತು. ಮೀಟರುಗಳನ್ನು ಓದಲು ಸಿಬ್ಬಂದಿ ಕಾರಿನ ಬ್ಯಾಟರಿಗಳನ್ನು ಕಿತ್ತು ತಂದು ಜೋಡಿಸಬೇಕಾಯಿತು. ಆದರೆ ಕಾಕಾ ಹೆಚ್ಚು ನೆನೆಯುವುದು ಅಷ್ಟು ದೂರದ ಸಂಗತಿಯನ್ನಲ್ಲ. ಮುಂಬಯಿ ಕತ್ತಲಾಗುವ ಎರಡು ತಿಂಗಳು ಮುಂಚೆ, 2020ರ ಆಗಸ್ಟ್ 20ರ ರಾತ್ರಿ, ಆಲಮಟ್ಟಿ ದಾಟಿ ಹೋದ ಅದೇ ಕೃಷ್ಣೆಯ ದಂಡೆಯಲ್ಲಿ, ಶ್ರೀಶೈಲದ ಎಡದಂಡೆಯ ನೆಲದೊಳಗಿನ ವಿದ್ಯುದಾಗಾರಕ್ಕೆ ಬೆಂಕಿ ಬಿತ್ತು. 150 ಮೆಗಾವ್ಯಾಟಿನ ಆರು ಯಂತ್ರಗಳು. ನಡೆಯುತ್ತಿದ್ದದ್ದು ಬ್ಯಾಟರಿ ಬದಲಿಸುವ ಕೆಲಸ. ಸತ್ತವರು ಒಂಬತ್ತು ಜನ. ಅವರಲ್ಲಿ ಇಬ್ಬರು ಬ್ಯಾಟರಿ ಕಂಪನಿಯಿಂದ ಬಂದವರು.

ಬ್ಯಾಟರಿಗೆ ಕೈಹಚ್ಚುವ ದಿನವೇ ಎಲ್ಲಕ್ಕಿಂತ ಅಪಾಯದ ದಿನ. ಆದರೂ ಕಾಗದದಲ್ಲಿ ಅದು ಬರೀ “ಮೇಂಟೆನೆನ್ಸ್”. ಶಬ್ದವೇ ನಿದ್ದೆ ಬರಿಸುವಂಥದ್ದು. ಎರಡು ಬ್ಯಾಂಕು, ಎರಡು ಚಾರ್ಜರು ಇದ್ದರೆ ಸಾಲದು. ಒಂದನ್ನು ಬಿಚ್ಚುವ ಮೊದಲು ಇನ್ನೊಂದು ಪೂರ್ತಿ ಭಾರ ಹೊತ್ತು ತೋರಿಸಿರಬೇಕು, ಇಲ್ಲವೆಂದರೆ ಯಂತ್ರ ನಿಲ್ಲಿಸಿರಬೇಕು. ಹೊಳೆ ತುಂಬಿ ಯೂನಿಟ್ಟಿಗೆ ದುಡ್ಡು ಹುಟ್ಟುವ ಕಾಲದಲ್ಲಿ ನಿಲ್ಲಿಸಿ ಎನ್ನಲು ಗಟ್ಟಿ ಎದೆ ಬೇಕು.

ಡಿಸಿ ಹೋಯಿತು ಎಂದು ಕೂಗುವ ಅಲಾರಮ್ಮು ಅದೇ ಡಿಸಿಯಲ್ಲಿ ನಡೆಯುತ್ತಿದ್ದರೆ ಕೂಗುವುದೇ ಇಲ್ಲ. ಅದಕ್ಕೆ ಬೇರೆ ಮೂಲ ಬೇಕು. ಕೆಂಪೂ ಇಲ್ಲ, ಹಸಿರೂ ಇಲ್ಲ ಎಂದಾದಾಗ ಹೊಸಬರು ಬಲ್ಬು ಸುಟ್ಟಿದೆ ಅಂದುಕೊಳ್ಳುತ್ತಾರೆ. ಕಾಕಾ ತಮ್ಮ ಕೈಕೆಳಗಿನವರಿಗೆ ಮೊದಲು ಕಲಿಸುತ್ತಿದ್ದದ್ದು ಆ ದೀಪಗಳನ್ನು ಓದುವುದನ್ನು. ಆಮೇಲೆ ಹಟ ಹಿಡಿದು ಬಾಯಿಪಾಠ ಮಾಡಿಸುತ್ತಿದ್ದದ್ದು ಐರೋಲಿಯ ಲೋಡ್ ಡಿಸ್ಪ್ಯಾಚ್ ಸೆಂಟರಿನ ನಂಬರು. ಇಲ್ಲಿನ ಬ್ರೇಕರ್ ಮಾತು ಕೇಳದಿದ್ದರೆ ಲೈನಿನ ಆಚೆ ತುದಿಯಿಂದ ಬಿಡಿಸಿ ಎಂದು ಅವರಿಗೆ ಹೇಳಬೇಕಲ್ಲ. ಆಚೆ ತುದಿಗೆ ಅದರದೇ ಬ್ಯಾಟರಿ. ಈ ಫೋನಿಗೂ ಒಂದು ಪ್ರತ್ಯೇಕ ಬ್ಯಾಟರಿ ಇದೆ, 48 ವೋಲ್ಟಿನದು. ಅದರ ನೀರನ್ನೂ ಅವರೇ ನೋಡುತ್ತಿದ್ದರು.