ಗಣಕರಾಯರ ಮುನಿಸು

ಮನೆಯಲ್ಲಿ ಮುನಿಸಿಕೊಳ್ಳುವ ಹಕ್ಕು ಹಿಂದೆಲ್ಲ ಒಬ್ಬನಿಗೇ ಮೀಸಲಾಗಿತ್ತು. ಅವನು ದೀಪಾವಳಿಗೆ ಬಂದ ಅಳಿಯ. ಎಲೆಯ ಮುಂದೆ ಕುಳಿತು ಅವನು ಮಾತು ನಿಲ್ಲಿಸಿದನೆಂದರೆ ಅತ್ತೆ ಮಾವಂದಿರಿಗೆ ಕೈಕಾಲೇ ಆಡುತ್ತಿರಲಿಲ್ಲ. ಮುಂಬಯಿಯ ಎರಡು ಕೋಣೆಯ ಸಂಸಾರದಲ್ಲಿ ಅಳಿಯಂದಿರಿಗೆ ಮುನಿಯಲು ಜಾಗವೂ ಇಲ್ಲ, ರಜೆಯೂ ಇಲ್ಲ. ಆದ್ದರಿಂದ ಆ ಹಕ್ಕನ್ನು ನಮ್ಮ ಮನೆಯಲ್ಲಿ ಈಗ ಮೂಲೆಯ ಮೇಜಿನ ಮೇಲಿರುವ ಗಣಕಯಂತ್ರವು ವಹಿಸಿಕೊಂಡಿದೆ. ನಾವು ಅದನ್ನು ಗೌರವದಿಂದ ಗಣಕರಾಯರೆಂದೇ ಕರೆಯುತ್ತೇವೆ.

ಗಣಕರಾಯರು ನಮ್ಮ ಮನೆಗೆ ಬಂದದ್ದು 2012ರಲ್ಲಿ. ನನ್ನ ಕೈಯಲ್ಲಿ ಮೊಬೈಲು, ಮಗಳ ಕೈಯಲ್ಲಿ ಅದಕ್ಕಿಂತ ದೊಡ್ಡ ಮೊಬೈಲು ಬಂದ ಮೇಲೆ ಅವರನ್ನು ಕೇಳುವವರಿರಲಿಲ್ಲ. ಮೇಲೆ ಒಂದು ಹಳೆಯ ಟವಲು ಹೊದ್ದು ವಿಶ್ರಾಂತ ಜೀವನ ನಡೆಸುತ್ತಿದ್ದರು. ಅವರನ್ನು ಮರಳಿ ಸೇವೆಗೆ ಕರೆದವರು ನಮ್ಮ ಅಪ್ಪಯ್ಯ.

ಅಪ್ಪಯ್ಯ ಕುಂದಾಪುರದ ಕಡೆಯ ಒಂದು ಹಳ್ಳಿಯಿಂದ 1967ರಲ್ಲಿ, ತಮ್ಮ ಹದಿಮೂರನೆಯ ವಯಸ್ಸಿನಲ್ಲಿ, ಬಸ್ಸು ಹತ್ತಿ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಲೇ ಓದಿ, ಕಡೆಗೆ ಒಂದು ಬಟ್ಟೆ ಗಿರಣಿಯಲ್ಲಿ ಗುಮಾಸ್ತರಾದರು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಆ ಕೆಲಸವೂ ಹೋಯಿತು. ಇಂಥ ಜೀವನ ನಮ್ಮ ಸಂಘದ ಎಷ್ಟೋ ಹಿರಿಯರದು. ಓದುಗರಿಗೆ ಅದನ್ನು ವಿವರಿಸಬೇಕಾಗಿಲ್ಲ. ವಿಶೇಷವೆಂದರೆ, ಎಪ್ಪತ್ತು ದಾಟಿದ ಮೇಲೆ ಅಪ್ಪಯ್ಯನಿಗೆ ಅದನ್ನೆಲ್ಲ ಬರೆದಿಡಬೇಕೆಂದು ಮನಸ್ಸಾಯಿತು. ಕೈ ನಡುಗುವುದರಿಂದ ಪೆನ್ನು ಹಿಡಿಯಲಾಗದು. ಹತ್ತು ವರ್ಷದ ನನ್ನ ಮಗಳು ಅವರಿಗೆ ‘ನುಡಿ’ಯಲ್ಲಿ ಅಕ್ಷರಾಭ್ಯಾಸ ಮಾಡಿಸಿದಳು. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಕೀಲಿ ಒತ್ತಬೇಕೆಂಬುದನ್ನು ಕಲಿತು, ‘ಅಮ್ಮ’ ಎಂಬ ಮಾತು ಪರದೆಯ ಮೇಲೆ ಮೂಡಿದ ದಿನ ಅಪ್ಪಯ್ಯ ಮೊಮ್ಮಗಳಿಗೆ ಗುರುದಕ್ಷಿಣೆಯೆಂದು ಜಿಲೇಬಿ ತಂದುಕೊಟ್ಟರು.

ಅಂದಿನಿಂದ ಒಂದೂವರೆ ವರ್ಷ, ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ತೊಂಬತ್ತಾರು ಪುಟ ಮಾಡಿದರು. ನಾನು ಅದರಲ್ಲಿ ಒಂದು ಪುಟವನ್ನಾದರೂ ಓದಿದೆನೇ? ಇಲ್ಲ. ಕಚೇರಿಯಲ್ಲಿ ದಿನವಿಡೀ ಬೇರೆಯವರ ಕಡತ ಓದುವವನಿಗೆ ಮನೆಯಲ್ಲಿ ತಂದೆಯ ಕಡತ ಓದಲು ಪುರುಸೊತ್ತೆಲ್ಲಿ? ‘ಮುಗಿಯಲಿ, ಒಟ್ಟಿಗೆ ಓದಿದರಾಯಿತು’ ಎಂದು ಷರಾ ಬರೆದು ಮುಂದೂಡಿದ್ದೆ.

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಗಣಕರಾಯರು ಏಳಲಿಲ್ಲ.

ಗುಂಡಿ ಒತ್ತಿದರೆ ಒಳಗೆ ಬೀಸಣಿಗೆ ಗುರ್ ಎನ್ನುತ್ತದೆ, ಮುಂದಿನ ಹಸಿರು ದೀಪ ಉರಿಯುತ್ತದೆ. ಪರದೆ ಮಾತ್ರ ಅಮಾವಾಸ್ಯೆ. ನಾನು ಹಿಂದುಮುಂದು ನೋಡದೆ ಸಿಡುಕಿಬಿಟ್ಟೆ.

“ಏನು ಮಾಡಿದಿರಿ ಅಪ್ಪಯ್ಯಾ? ರಾತ್ರಿ ಹಾಗೆಯೇ ಗೋಡೆಯ ಸ್ವಿಚ್ಚು ಆರಿಸಿ ಮಲಗಿದಿರೋ ಹೇಗೆ? ಸರಿಯಾಗಿ ಗೊತ್ತಿಲ್ಲದ ಮೇಲೆ ಮುಟ್ಟಬಾರದು.”

“ನಾನು ಎಂತದೂ ಮಾಡ್ಲಿಲ್ಲ ಮಗಾ,” ಎಂದರು ಅಪ್ಪಯ್ಯ. ಸ್ವಲ್ಪ ಹೊತ್ತು ಬಿಟ್ಟು, “ಬರೆದದ್ದೆಲ್ಲ ಹೋಯ್ತಾ?” ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲು ಬಿ.ಎ. ಪದವಿ ಅಡ್ಡ ಬಂತು, ಸುಮ್ಮನಿದ್ದೆ. ಅವರು ಎದ್ದುಹೋಗಿ ಒಳಕೋಣೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು.

ನಮ್ಮ ಬಡಾವಣೆಯ ಒಂದು ದುರಸ್ತಿ ಅಂಗಡಿಯಾತನನ್ನು ಕರೆತಂದೆ. ಆತ ಮುಚ್ಚಳವನ್ನೂ ಬಿಚ್ಚಲಿಲ್ಲ. ನಾಡಿ ಹಿಡಿಯದೆ ಮರಣಪತ್ರ ಬರೆಯುವ ವೈದ್ಯನಂತೆ, “ಮದರ್‌ಬೋರ್ಡು ಹೋಗಿದೆ ಸಾಹೇಬ್, ಹೊಸತು ತೆಗೆದುಕೊಳ್ಳಿ. ಒಳಗಿರುವುದನ್ನು ತೆಗೆದುಕೊಡಲು ಬೇರೆ ದುಡ್ಡು, ಸಿಕ್ಕಿದರೆ ಸಿಕ್ಕಿತು,” ಎಂದ. ಆ ‘ಸಿಕ್ಕಿದರೆ ಸಿಕ್ಕಿತು’ ಎಂಬ ಮಾತು ಒಳಕೋಣೆಗೆ ಕೇಳಿಸಿತು. ಮಧ್ಯಾಹ್ನ ಅಪ್ಪಯ್ಯ ಊಟಕ್ಕೆ ಏಳಲಿಲ್ಲ.

“ಅಂಗಡಿಯವನ ಮಾತೇ ವೇದವೋ? ನಿಮ್ಮ ಕಚೇರಿಯಲ್ಲಿ ಇಷ್ಟು ಯಂತ್ರಗಳಿವೆಯಲ್ಲ, ಅವನ್ನು ನೋಡಿಕೊಳ್ಳುವವರನ್ನು ಕೇಳಬಾರದೇ?” ಎಂದಳು ನನ್ನಾಕೆ. ಮನೆಯಾಕೆಯ ಸಲಹೆಯನ್ನು ಮೊದಲೇ ಕೇಳಿದ್ದರೆ ಜಗತ್ತಿನ ಅರ್ಧ ಪ್ರಬಂಧಗಳು ಹುಟ್ಟುತ್ತಲೇ ಇರಲಿಲ್ಲ. ನಮ್ಮ ಕಚೇರಿಯ ಗಣಕ ವಿಭಾಗದ ತರುಣನಿಗೆ ದೂರವಾಣಿ ಮಾಡಿದೆ. ಅವನು ಮೊದಲು ಹೇಳಿದ ಮಾತೇ ನನಗೆ ಅರ್ಧ ಪ್ರಾಣ ತಂದಿತು.

“ಯಂತ್ರ ಏಳದಿದ್ದರೆ ಬರವಣಿಗೆ ಹೋಯಿತೆಂದು ಅರ್ಥವಲ್ಲ ಸರ್. ಬರೆದು ಉಳಿಸಿದ್ದು ಹಾರ್ಡ್ ಡಿಸ್ಕಿನಲ್ಲಿರುತ್ತದೆ. ಅದು ದಾಖಲೆಯ ಕೋಣೆ. ರ್‍ಯಾಮ್ ಎಂಬುದು ಕೆಲಸದ ವೇಳೆಯ ಸ್ಲೇಟು, ಕರೆಂಟು ಹೋದರೆ ತಾನೇ ಅಳಿಸಿಹೋಗುತ್ತದೆ. ಕಚೇರಿಯ ಬಾಗಿಲು ತೆರೆಯದಿದ್ದರೆ ದಾಖಲೆಯ ಕೋಣೆ ಸುಟ್ಟಿತೆಂದು ಯಾರಾದರೂ ಹೇಳುತ್ತಾರೆಯೇ? ಬೇಕಾದರೆ ಆ ಡಿಸ್ಕನ್ನೇ ಕಳಚಿ ಬೇರೆ ಯಂತ್ರಕ್ಕೆ ಜೋಡಿಸಿ ಓದಬಹುದು.”

ಆಮೇಲೆ ಅವನು ಒಂದೊಂದೇ ಪ್ರಶ್ನೆ ಕೇಳತೊಡಗಿದ. ವಾಚಕರಿಗೂ ಉಪಯೋಗವಾದೀತೆಂದು ಆ ಕ್ರಮವನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು, ಗೋಡೆಯಲ್ಲಿ ವಿದ್ಯುತ್ತು ಇದೆಯೇ? ಅದೇ ಪ್ಲಗ್ಗಿಗೆ ಮೇಜಿನ ದೀಪ ಹಾಕಿ ನೋಡಬೇಕು. ಎರಡನೆಯದು, ಪೆಟ್ಟಿಗೆಯ ಬೆನ್ನಿನ ವಯರು ಸಡಿಲವಾಗಿದೆಯೇ, ಅಲ್ಲಿರುವ ಪುಟ್ಟ ಸ್ವಿಚ್ಚನ್ನು ಗುಡಿಸುವ ಭರದಲ್ಲಿ ಯಾರಾದರೂ ಆರಿಸಿದ್ದಾರೆಯೇ? ಇದಿಷ್ಟು ಸರಿಯಿದ್ದೂ ಬೀಸಣಿಗೆ ಅಲುಗದೆ, ದೀಪವೂ ಉರಿಯದೆ ಇದ್ದರೆ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಯ ಮೇಲೆ ಸಂಶಯ ಪಡಬೇಕು. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟುಗಳಾಗಿ ಇಳಿಸಿ ಹಂಚುವ ಉಗ್ರಾಣಿ ಅದು. ಆ ಉಗ್ರಾಣವನ್ನು ಮಾತ್ರ ನಾವು ಬಿಚ್ಚಬಾರದು. ವಯರು ಕಿತ್ತ ಮೇಲೂ ಅದರೊಳಗೆ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ತು ಉಳಿದಿರಬಹುದು. ಕೆಟ್ಟಿದ್ದರೆ ಇಡೀ ಪೆಟ್ಟಿಗೆಯನ್ನೇ ಬದಲಾಯಿಸುವುದು ಕ್ಷೇಮ.

ನಮ್ಮದರಲ್ಲಿ ಬೀಸಣಿಗೆ ತಿರುಗುತ್ತಿತ್ತು. ಹಾಗಾದರೆ ಮೂರನೆಯದು, ಪರದೆಗೆ ತನ್ನದೇ ದೀಪ ಉರಿಯುತ್ತಿದೆಯೇ, ಅದರ ವಯರು ಬಿಗಿಯಾಗಿದೆಯೇ? ಎಷ್ಟೋ ಸಲ ಯಂತ್ರ ಎದ್ದು ಕುಳಿತಿರುತ್ತದಂತೆ, ಪರದೆ ಮಾತ್ರ ಮಲಗಿರುತ್ತದಂತೆ. ಅದನ್ನೂ ನೋಡಿದ್ದಾಯಿತು.

“ಏನಾದರೂ ಕೂಗುತ್ತಿದೆಯೇ?” ಎಂದು ಕೇಳಿದ.

ಮಳೆಯ ಸದ್ದಿನಲ್ಲಿ ನಾನು ಗಮನಿಸಿರಲಿಲ್ಲ. ಕಿಟಕಿ ಮುಚ್ಚಿ ಕಿವಿಗೊಟ್ಟೆ. ಪೆಟ್ಟಿಗೆಯೊಳಗಿಂದ ‘ಬೀ...ಪ್, ಬೀ...ಪ್’ ಎಂದು ನೀಳವಾದ ಕ್ಷೀಣ ಸ್ವರ, ಬಿಟ್ಟು ಬಿಟ್ಟು, ಬರುತ್ತಿತ್ತು. ಬೆಳಗಿನಿಂದ ಪಾಪ, ಗಣಕರಾಯರು ತಮಗಾದದ್ದನ್ನು ಹೇಳುತ್ತಲೇ ಇದ್ದರು, ಕೇಳುವವರಿರಲಿಲ್ಲ.

ಇದರ ಮರ್ಮವನ್ನು ಆ ತರುಣ ವಿವರಿಸಿದ. ಗುಂಡಿ ಒತ್ತಿದ ಕೂಡಲೆ ಯಂತ್ರ ಕೆಲಸ ಆರಂಭಿಸುವುದಿಲ್ಲ. ಮೊದಲು ತನ್ನ ಸಿಬ್ಬಂದಿಯ ಹಾಜರಿ ತೆಗೆದುಕೊಳ್ಳುತ್ತದೆ. ಪ್ರೊಸೆಸರು, ರ್‍ಯಾಮ್, ಪರದೆಯ ಕಾರ್ಡು, ಕೀಲಿಮಣೆ ಎಂದು ಒಬ್ಬೊಬ್ಬರನ್ನೂ ಕರೆಯುತ್ತದೆ. ಮುಖ್ಯವಾದವರು ಯಾರಾದರೂ ಓಗೊಡದಿದ್ದರೆ ಮುಂದಿನ ಕಾರ್ಯಕಲಾಪ ಬಂದ್. ಪರದೆ ಇನ್ನೂ ತೆರೆದಿರುವುದಿಲ್ಲವಾದ್ದರಿಂದ ಕೂಗಿಯೇ ದೂರು ಕೊಡಬೇಕು. ಕೂಗಿನ ಭಾಷೆ ತಯಾರಕರಿಂದ ತಯಾರಕರಿಗೆ ಬೇರೆಯಾದರೂ, ನಿಲ್ಲದೆ ಬರುವ ನೀಳ ಕೂಗು ಸಾಮಾನ್ಯವಾಗಿ ‘ರ್‍ಯಾಮ್ ಗೈರುಹಾಜರು’ ಎಂಬುದರ ಸೂಚನೆ. ಸರ್ಕಾರಿ ನೌಕರನಾದ ನನಗೆ ಇದಕ್ಕಿಂತ ಸುಲಭವಾಗಿ ಗಣಕವಿಜ್ಞಾನವನ್ನು ಯಾರೂ ಬೋಧಿಸಲಾರರು.

“ಮಳೆಗಾಲದಲ್ಲಿ ಇದು ಮಾಮೂಲು ಸರ್. ಮನೆಯಲ್ಲಿ ರಬ್ಬರ್ ಇದೆಯೇ? ಪೆನ್ಸಿಲ್ ಅಳಿಸುವ ರಬ್ಬರ್?”

ಮುಂಬಯಿಯ ಜುಲೈ ತಿಂಗಳಲ್ಲಿ ಹಪ್ಪಳ ಮೆತ್ತಗಾಗುತ್ತದೆ, ಉಪ್ಪು ನೀರಾಗುತ್ತದೆ. ರ್‍ಯಾಮಿನ ಅಂಚಿನ ಹೊಂಬಣ್ಣದ ಪಟ್ಟಿಗಳಿಗೂ ಆ ತೇವದಲ್ಲಿ ಕಿಲುಬು ಧೂಳು ಹತ್ತಿ ಸಂಪರ್ಕ ತಪ್ಪುತ್ತದೆಯಂತೆ. ಮಗಳ ಕಂಪಾಸು ಪೆಟ್ಟಿಗೆಯಿಂದ ಬಿಳಿಯ ರಬ್ಬರು ಬಂತು. ವಯರನ್ನು ಗೋಡೆಯಿಂದ ಕಿತ್ತು, ಉಳಿದ ವಿದ್ಯುತ್ತು ಇಳಿಯಲೆಂದು ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದೆ. ಮೈಯಲ್ಲಿನ ಸ್ಥಿರವಿದ್ಯುತ್ತು ಒಳಭಾಗಗಳಿಗೆ ತಗಲದಿರಲೆಂದು ಮೊದಲು ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಬೇಕು. ರ್‍ಯಾಮಿನ ಎರಡೂ ತುದಿಯ ಚಿಲಕಗಳನ್ನು ಹೊರಕ್ಕೆ ಒತ್ತಿದರೆ ಗೇಣುದ್ದದ ಒಳಗಿನ ಆ ಪಟ್ಟಿ ತಾನಾಗಿ ಮೇಲೇಳುತ್ತದೆ. ಹೊಂಬಣ್ಣದ ಅಂಚನ್ನು ಬೆರಳಿನಿಂದ ಮುಟ್ಟದೆ, ರಬ್ಬರಿನಿಂದ ಎರಡೂ ಬದಿ ಹಗುರವಾಗಿ ಉಜ್ಜಿ, ಪುಡಿಯನ್ನು ಮೃದುವಾದ ಕುಂಚದಿಂದ ಕೊಡವಿ, ಕಚ್ಚು ಕಚ್ಚಿಗೆ ಸರಿಯಾಗಿ ಕೂಡುವಂತೆ ಇಟ್ಟು ಒತ್ತಿದೆ. ಚಿಲಕಗಳು ‘ಟಿಕ್’ ಎಂದವು.

ಗುಂಡಿ ಒತ್ತಿದೆ. ಒಂದೇ ಒಂದು ಚಿಕ್ಕ ‘ಬೀಪ್’. ಪರದೆ ಬೆಳಗಿತು.

“ಅಜ್ಜಯ್ಯಾ, ಎದ್ದಿತು!” ಎಂದು ಮಗಳು ಕೂಗಿದ್ದಕ್ಕೆ ಕೆಳಮಹಡಿಯವರು ಗಾಬರಿಯಾಗಿ ಮೇಲೆ ಬಂದರು.

ಗಣಕರಾಯರು ಎದ್ದರೇನೋ ನಿಜ. ಆದರೆ ಅವರ ಲೆಕ್ಕದಲ್ಲಿ ಅಂದು 2012ರ ಜನವರಿ 1. ಗಡಿಯಾರವನ್ನು ನಡೆಸುವ ನಾಣ್ಯದಾಕಾರದ ಬ್ಯಾಟರಿಯೂ ಮುಗಿದಿತ್ತು. ಸಿಆರ್ 2032 ಎಂದು ಅದರ ಮೇಲೆಯೇ ಬರೆದಿರುತ್ತದೆ, 3 ವೋಲ್ಟಿನದು, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಒಳಕೋಣೆಯಿಂದ ಬಂದು ನಿಂತ ಅಪ್ಪಯ್ಯ ಪರದೆಯ ತಾರೀಕು ನೋಡಿ, “ಅಡ್ಡಿಲ್ಲ, ಅದು 2012ರಲ್ಲಾದ್ರೂ ಉಂಟು. ನಾನು ಇನ್ನೂ 1967ರಲ್ಲೇ ಇದ್ದೇನೆ,” ಎಂದರು. ಬೆಳಗಿನಿಂದ ಅವರಾಡಿದ ಮೂರನೆಯ ಮಾತು ಅದು.

ತೊಂಬತ್ತಾರು ಪುಟವೂ ಇತ್ತು. ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಓದಲು ಕುಳಿತೆ. ಹನ್ನೊಂದನೆಯ ಪುಟಕ್ಕೆ ಬಂದಾಗ ನಿಲ್ಲಬೇಕಾಯಿತು. ಅಪ್ಪಯ್ಯ ಹೋಟೆಲು ಸೇರಿ ಎರಡು ತಿಂಗಳಾಗಿತ್ತಂತೆ. ಒಂದು ದಿನ ಗೋಡೆಯ ಹಲಗೆ ಕಳಚಿ ಎರಡು ಡಜನ್ ಗಾಜಿನ ಲೋಟ ನೆಲಕ್ಕೆ ಬಿದ್ದವು. ಹತ್ತಿರವಿದ್ದವರು ಇವರೊಬ್ಬರೇ. ಧಣಿಗಳು ಬಂದು ಬೈದು ಒಂದು ತಿಂಗಳ ಸಂಬಳ ಮುರಿದುಕೊಂಡರು. ಹಲಗೆಯ ಮೊಳೆ ತುಕ್ಕು ಹಿಡಿದು ತುಂಡಾಗಿತ್ತು. ಕೆಳಗೆ ಅಪ್ಪಯ್ಯ ಬರೆದಿದ್ದರು: ‘ನಾನು ಎಂತದೂ ಮಾಡಲಿಲ್ಲವೆಂದು ಹೇಳಿದೆ. ಮೊಳೆಯನ್ನು ಯಾರೂ ನೋಡಲಿಲ್ಲ.’

ಐವತ್ತೆಂಟು ವರ್ಷಗಳ ಹಿಂದಿನ ಆ ಮಾತನ್ನೇ ಅವರು ಅಂದು ಬೆಳಿಗ್ಗೆ ನನಗೂ ಹೇಳಿದ್ದರು. ನಾನೂ ಮೊಳೆಯನ್ನು ನೋಡಿರಲಿಲ್ಲ. ಅಂಗಡಿಯಾತ ಮುಚ್ಚಳ ಬಿಚ್ಚದೆ ತೀರ್ಪು ಕೊಟ್ಟನೆಂದು ನಾನು ಅವನನ್ನು ಶಪಿಸಿದ್ದೆನಷ್ಟೆ. ಅವನಿಗಿಂತ ಮೊದಲು ಹಾಗೆ ತೀರ್ಪು ಕೊಟ್ಟವನು ನಾನೇ. ಅವನದಾದರೂ ಯಂತ್ರದ ಮೇಲೆ.

ಮರುದಿನ ಕಾಫಿಯ ಹೊತ್ತಿಗೆ, “ಅಪ್ಪಯ್ಯಾ, ನಿನ್ನೆ ನಿಮ್ಮ ತಪ್ಪೇನೂ ಇರಲಿಲ್ಲ, ಮಳೆಯ ತೇವ ಅಷ್ಟೇ. ನಾನು ಹಾಗೆ ಹೇಳಬಾರದಿತ್ತು,” ಎಂದೆ. ಅವರು ಲೋಟ ಕೆಳಗಿಟ್ಟು, “ಹನ್ನೊಂದನೇ ಪುಟ ಓದಿದ್ಯಾ?” ಎಂದು ಕೇಳಿದರು. ಹೌದೆಂದೆ. “ಅದ್ರಲ್ಲಿ ಕಾಗುಣಿತ ತಪ್ಪುಂಟು, ತಿದ್ದು,” ಎಂದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಈಗ ಅಪ್ಪಯ್ಯ ಬರೆದದ್ದರ ಒಂದು ಪ್ರತಿ ಪೆನ್ ಡ್ರೈವಿನಲ್ಲಿ ನಮ್ಮ ಕಪಾಟಿನಲ್ಲಿದೆ. ಇನ್ನೊಂದು ಡೊಂಬಿವಿಲಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ. ಒಂದೇ ಮನೆಯಲ್ಲಿ ಎರಡು ಪ್ರತಿ ಇಟ್ಟರೆ ಅದು ಒಂದೇ ಪ್ರತಿಯೆಂದು ಕಚೇರಿಯ ತರುಣ ಎಚ್ಚರಿಸಿದ್ದಾನೆ. ಪ್ರತಿ ಶನಿವಾರ ನಾನು ಹೊಸ ಪುಟಗಳನ್ನು ಓದಿ ತಿದ್ದುತ್ತೇನೆ. ಈಗ ಮುಷ್ಕರದ ವರ್ಷಕ್ಕೆ ಬಂದಿದ್ದಾರೆ. ನಮ್ಮ ಸಂಘದ ಮನೆಮನೆಯಲ್ಲೂ ಇಂಥ ಒಬ್ಬ ಹಿರಿಯರು ಇದ್ದಾರು. ಅವರಿಗೊಂದು ಕೀಲಿಮಣೆ ಕೊಡಿ, ಇಲ್ಲವೆ ಹೇಳಿದ್ದನ್ನು ನೀವೇ ಬರೆದುಕೊಳ್ಳಿ. ಬರೆದದ್ದನ್ನು ಮುಗಿಯುವ ಮೊದಲೇ ಓದಿ.

ರಬ್ಬರಿನ ವಿಷಯ ಮರೆತಿದ್ದೆ. ಅದು ಕಪ್ಪಾಯಿತೆಂದು ಮಗಳು ಐದು ರೂಪಾಯಿ ಪರಿಹಾರ ಕೇಳಿ ಅರ್ಜಿ ಕೊಟ್ಟಿದ್ದಾಳೆ. ಅರ್ಜಿ ಪರಿಶೀಲನೆಯಲ್ಲಿದೆ.